ಕಿವಿಯ ಬ್ಯಾಟರಿ, ಕ್ಯಾಮೆರಾದ ಕಣ್ಣು
ತಂದೆಯವರ ಹಳೆಯ ಕ್ಯಾನೊನೆಟ್ ಕ್ಯಾಮೆರಾದಲ್ಲಿ ಸ್ಲೈಡ್ ಫಿಲ್ಮ್ ಹಾಕಿ ಮಗಳ ನಾಮಕರಣವನ್ನು ಸೆರೆಹಿಡಿದೆ. ಸಂಸ್ಕರಿಸಿ ತಂದಾಗ ಮಗುವಿನ ಮುಖಕ್ಕೆ ಸಂಜೆಗತ್ತಲೆ ಕವಿದಿತ್ತು! ತಪ್ಪು ನನ್ನದೇ. ಅದರ ಬೆಳಕುಮಾಪಕಕ್ಕೆ ಬೇಕಾದುದು 1.35 ವೋಲ್ಟಿನ ಪಾದರಸದ ಬ್ಯಾಟರಿ. ಕೊನೆಯವರೆಗೂ ಒಂದೇ ಸಮನಾದ ಶಕ್ತಿ ಕೊಡುವ ಸಾಧು ವಸ್ತುವದು. ಆದರೆ ಪಾದರಸ ವಿಷವಷ್ಟೆ, ಅಮೆರಿಕದಲ್ಲಿ 1996ರಲ್ಲೇ ಅದರ ಮಾರಾಟ ನಿಷಿದ್ಧವಾಯಿತು. ನಾನು ತುರುಕಿದ 1.5 ವೋಲ್ಟಿನ ಆಲ್ಕಲೈನ್ ಬ್ಯಾಟರಿ ಇಲ್ಲದ ಬೆಳಕನ್ನು ಇದೆಯೆಂದು ಸಾರಿತ್ತು.

ಪರಿಹಾರ ದೊರೆತುದು ತಂದೆಯವರ ಶ್ರವಣಯಂತ್ರದ ಡಬ್ಬಿಯಲ್ಲಿ. 675 ಎಂಬ ಸತು-ಗಾಳಿ ಬ್ಯಾಟರಿ 1.4 ವೋಲ್ಟಿನ ಸನಿಹದಲ್ಲೇ ಸ್ಥಿರವಾಗಿ ನಿಲ್ಲುತ್ತದೆ. ಗಾತ್ರ ಕಿರಿದು, ಸುತ್ತಲೂ ರಬ್ಬರಿನ ಉಂಗುರ ಬೇಕು. ಮೇಲಿನ ಚೀಟಿ ಕಿತ್ತು ಗಾಳಿ ತಾಕಿತೋ, ಆಯುಷ್ಯ ಕೆಲವು ವಾರಗಳೇ.

ಮೊನ್ನೆ ತಂದೆಯವರನ್ನೇ ಕುಳ್ಳಿರಿಸಿ ಗುಂಡಿಯೊತ್ತಿದೆ. “ಸದ್ದಾಯಿತೇನಯ್ಯಾ?” ಎಂದರು. ಡಬ್ಬಿಯ ಕಡೆಯ ಬ್ಯಾಟರಿ ಕ್ಯಾಮೆರಾದಲ್ಲಿತ್ತು.