ಹಳೆ ಮನೆಗೆ ಮೊದಲು ಬೇಕಾದ್ದು ಕಾಗದಪತ್ರ

ಊರಿನಿಂದ ಬಂದ ನೆಂಟರನ್ನು ಚಾಂದನಿ ಚೌಕಕ್ಕೆ ಕರೆದೊಯ್ಯದ ದೆಹಲಿ ಕನ್ನಡಿಗರು ಕಡಿಮೆ. 2021ರಲ್ಲಿ ಆ ಬೀದಿ ಹೊಸ ರೂಪ ಪಡೆಯಿತು. ಕೆಂಪುಕೋಟೆ ಎದುರಿನ ಜೈನ ಮಂದಿರದಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿ.ಮೀ. ಉದ್ದಕ್ಕೂ ಕೆಂಪು ಕಲ್ಲಿನ ನೆಲಹಾಸು ಬಂತು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ನಿರ್ಬಂಧ ಹಾಕಲಾಯಿತು. ನಡೆಯುವವರ ಕಣ್ಣಿಗೆ ಬೀದಿ ಚೆನ್ನಾಗಿದೆ. ತಲೆ ಎತ್ತಿದರೆ ಕಾಣುವುದೇ ಬೇರೆ: ಮುರಿದ ಜರೋಕಾಗಳು, ಕಮಾನಿನ ಬಿರುಕಿನಲ್ಲಿ ಬೇರುಬಿಟ್ಟ ಅರಳಿ ಗಿಡ, ಕೆತ್ತನೆಯ ಕಂಬಕ್ಕೆ ಸುತ್ತಿದ ವಿದ್ಯುತ್ ತಂತಿಗಳ ಕಂತೆ. ಬೀದಿ ಸರ್ಕಾರದ್ದು, ಆದ್ದರಿಂದ ದುರಸ್ತಿಯಾಯಿತು. ಮನೆಗಳು ವಾರಸುದಾರರವು. ಆ ವಾರಸುದಾರರು ಯಾರು, ಎಷ್ಟು ಜನ, ಯಾರ ಪಾಲು ಎಷ್ಟು ಎಂಬುದು ಎಷ್ಟೋ ಮನೆಗಳ ವಿಷಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಗೃಹಸಾಲ ಕೊಡುವ ಮುನ್ನ ಆಸ್ತಿ ದಾಖಲೆ ಪರಿಶೀಲಿಸುವುದು ನನ್ನ ಹೊಟ್ಟೆಪಾಡು. ಹನ್ನೆರಡು ವರ್ಷಗಳಿಂದ ನೋಯ್ಡಾದಲ್ಲಿ ಇದೇ ಕೆಲಸ. ಇಷ್ಟು ಕಡತಗಳನ್ನು ನೋಡಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಹಳೆಯ ಮನೆಗಳು ಮಳೆಗೆ ಬೀಳುತ್ತವೆ ಎನ್ನುತ್ತೇವೆ, ಆದರೆ ಮಳೆಗೆ ಮುಂಚೆಯೇ ಅವನ್ನು ದುರ್ಬಲಗೊಳಿಸುವುದು ಇತ್ಯರ್ಥವಾಗದ ಹಕ್ಕು. ಹೆಂಚು ಬದಲಿಸಲು ಯಾರು ದುಡ್ಡು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಮನೆಯ ಹೆಂಚನ್ನು ಯಾರೂ ಬದಲಿಸುವುದಿಲ್ಲ.

ಹಳೆ ದೆಹಲಿಯ ಹವೇಲಿಗಳಲ್ಲಿ ಮೂರು ಬಗೆಯ ಗತಿ ಕಾಣುತ್ತದೆ. ಮೊದಲನೆಯದು, ಸರ್ಕಾರ ವಹಿಸಿಕೊಂಡದ್ದು. ಬಲ್ಲಿಮಾರಾನ್‌ನ ಗಲ್ಲಿ ಕಾಸಿಂ ಜಾನ್‌ನಲ್ಲಿ ಕವಿ ಮಿರ್ಜಾ ಗಾಲಿಬ್ ಬಾಳಿದ ಮನೆ ಅಂಗಡಿ, ಗೋದಾಮುಗಳ ಪಾಲಾಗಿತ್ತು. ಅದರ ಒಂದು ಭಾಗವನ್ನು ಬಿಡಿಸಿಕೊಂಡು, 2000ದ ಡಿಸೆಂಬರ್‌ನಲ್ಲಿ ಸ್ಮಾರಕವಾಗಿ ತೆರೆಯಲಾಯಿತು. ಎರಡನೆಯದು, ಒಬ್ಬನೇ ಮಾಲೀಕನ ಕೈಗೆ ಬಂದದ್ದು. 1887ರ ಹವೇಲಿ ಧರಂಪುರವನ್ನು ರಾಜಕಾರಣಿ ವಿಜಯ್ ಗೋಯಲ್ ಅವರ ಕುಟುಂಬ ಖರೀದಿಸಿ, ವರ್ಷಗಟ್ಟಲೆ ದುರಸ್ತಿ ಮಾಡಿಸಿ ಹೋಟೆಲ್ ಆಗಿಸಿತು. 2017ರಲ್ಲಿ ಯುನೆಸ್ಕೊ ಗೌರವವೂ ಸಿಕ್ಕಿತು. ಮೂರನೆಯದು, ಈ ಎರಡೂ ಆಗದ್ದು. 1916ರಲ್ಲಿ ಜವಾಹರಲಾಲ್ ನೆಹರೂ ಮತ್ತು ಕಮಲಾ ಅವರ ಮದುವೆ ನಡೆದ ಸೀತಾರಾಂ ಬಜಾರಿನ ಹಕ್ಸರ್ ಹವೇಲಿ ಇಂದು ಪಾಳು. ದೇಶದ ಮೊದಲ ಪ್ರಧಾನಿಯ ಮದುವೆ ಮನೆಗೇ ಈ ಗತಿಯಾದರೆ ಹೆಸರಿಲ್ಲದ ಮನೆಗಳ ಪಾಡು ಊಹಿಸಬಹುದು.

ಉಯಿಲಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರಿಗೆ ಇದೇ ಬೀದಿಯಲ್ಲಿ ಒಂದು ಹಳೆಯ ಪಾಠವಿದೆ. ಇಂದು ವಿದ್ಯುತ್ ಸಾಮಾನುಗಳ ಸಗಟು ಮಾರುಕಟ್ಟೆಯಾಗಿರುವ ಭಗೀರಥ ಪ್ಯಾಲೇಸ್ ಒಂದು ಕಾಲಕ್ಕೆ ಬೇಗಂ ಸಮ್ರೂ ಅವರ ಅರಮನೆ. ಮೇರಠ್ ಬಳಿಯ ಸರ್ಧನಾವನ್ನು ಆಳಿದ ಈ ಮಹಿಳೆ 1836ರಲ್ಲಿ ತೀರಿಕೊಂಡಾಗ, ಸಂಪತ್ತಿನ ಬಹುಪಾಲು ಅವರು ಸಾಕಿದ್ದ ಡೇವಿಡ್ ಡೈಸ್ ಸೋಂಬ್ರೆಗೆ ಹೋಯಿತು. ಆತ ಇಂಗ್ಲೆಂಡಿಗೆ ಹೋದ, ಮದುವೆಯಾದ, 1841ರಲ್ಲಿ ಸಂಸತ್ತಿಗೂ ಆಯ್ಕೆಯಾದ. 1843ರಲ್ಲಿ ಅಲ್ಲಿನ ಕಾನೂನು ಅವನನ್ನು ಬುದ್ಧಿಭ್ರಮಿತ ಎಂದು ಘೋಷಿಸಿತು. ತಾನು ಸ್ವಸ್ಥನೆಂದು ಸಾಬೀತುಪಡಿಸಲು ಸಾಯುವವರೆಗೂ ಹೆಣಗಿದ. ಸರ್ಧನಾದಲ್ಲಿ ಶಾಲೆ ತೆರೆಯಲು ಆಸ್ತಿ ಬಳಕೆಯಾಗಲಿ ಎಂದು ಉಯಿಲು ಬರೆದು 1851ರಲ್ಲಿ ಸತ್ತ. ಹೆಂಡತಿ ಮತ್ತು ಬಂಧುಗಳು ಆ ಉಯಿಲನ್ನು ಪ್ರಶ್ನಿಸಿದರು. ಬರೆದಾಗ ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ಕಾರಣಕ್ಕೆ ಲಂಡನ್ನಿನ ನ್ಯಾಯಾಲಯ ಪ್ರೊಬೇಟ್ ನಿರಾಕರಿಸಿತು, 1856ರಲ್ಲಿ ಅದೇ ಖಾಯಂ ಆಯಿತು. ಶಾಲೆಯ ಆಸೆ ಕಾಗದದಲ್ಲೇ ಉಳಿಯಿತು. ಚಾಂದನಿ ಚೌಕದ ಅರಮನೆಯಂತೂ ಅಷ್ಟರಲ್ಲಿ ಕೈಬಿಟ್ಟು ಹೋಗಿತ್ತು. 1857ರಲ್ಲಿ ಅಲ್ಲಿದ್ದದ್ದು ದೆಹಲಿ ಬ್ಯಾಂಕ್. 2022ರ ನವೆಂಬರ್‌ನಲ್ಲಿ ಭಗೀರಥ ಪ್ಯಾಲೇಸ್ ಮಾರುಕಟ್ಟೆಗೆ ಬೆಂಕಿ ಬಿದ್ದಾಗ ನಂದಿಸಲು ದಿನಗಳೇ ಹಿಡಿದವು.

ಪ್ರೊಬೇಟ್ ಎಂದರೆ, ಇದೇ ಮೃತರ ಕೊನೆಯ ಉಯಿಲು, ಇದು ಸಾಚಾ ಎಂದು ನ್ಯಾಯಾಲಯ ಮೊಹರು ಹಾಕಿ ಕೊಡುವುದು. ಉಯಿಲಿನಲ್ಲಿ ಎಕ್ಸಿಕ್ಯೂಟರ್, ಅಂದರೆ ಅದನ್ನು ಜಾರಿ ಮಾಡುವವರ ಹೆಸರಿದ್ದರೆ ಅವರಿಗೆ ಪ್ರೊಬೇಟ್ ಸಿಗುತ್ತದೆ. ಹೆಸರಿಲ್ಲದಿದ್ದರೆ ಆಸ್ತಿ ಪಡೆಯುವವರು ಆಡಳಿತ ಪತ್ರಕ್ಕೆ ಅರ್ಜಿ ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ ಪ್ರಕಾರ ಕೋಲ್ಕತ್ತಾ, ಮುಂಬೈ, ಚೆನ್ನೈ ನಗರಗಳಲ್ಲಿ ಹಿಂದೂಗಳ ಉಯಿಲಿಗೂ ಇದು ಕಡ್ಡಾಯವಾಗಿತ್ತು. ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಾಗಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಸೆಕ್ಷನ್ನನ್ನೇ ತೆಗೆದುಹಾಕಿತು.

‘ಸದ್ಯ, ಒಂದು ತಲೆನೋವು ಕಳೆಯಿತು’ ಎಂದವರೇ ಹೆಚ್ಚು. ಪ್ರೊಬೇಟ್‌ಗೆ ವರ್ಷಗಟ್ಟಲೆ ಕಾದವರ ಸಂಕಟ ನಿಜ, ಈ ಬದಲಾವಣೆ ಸ್ವಾಗತಾರ್ಹವೇ. ಆದರೆ ಕಡ್ಡಾಯ ಹೋದರೂ ಸಾಬೀತುಪಡಿಸುವ ಹೊಣೆ ಹೋಗಿಲ್ಲ. ಉಯಿಲನ್ನು ಒಬ್ಬರು ಪ್ರಶ್ನಿಸಿದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕು. ಇಬ್ಬರೂ ತೀರಿಕೊಂಡಿದ್ದರೆ ಸಹಿ ಅವರದ್ದೇ ಎಂದು ರುಜುವಾತು ಮಾಡಬೇಕು. ಮೊದಲು ಆರಂಭದಲ್ಲೇ ಬರುತ್ತಿದ್ದ ಪ್ರಶ್ನೆ ಇನ್ನು ಮುಂದೆ ಮನೆ ಮಾರುವಾಗಲೋ, ದುರಸ್ತಿ ಸಾಲ ಕೇಳುವಾಗಲೋ ಎದ್ದೀತು. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಅದು ಏಳುವುದು ಅಲ್ಲೇ.

ದೂರದ ಹವೇಲಿಗಳ ಕಥೆಯಿಂದ ನಮ್ಮ ಮನೆಗಳಿಗೆ ಬರೋಣ. ಧಾರವಾಡದ ವಾಡೆ, ಮೈಸೂರಿನ ಅಗ್ರಹಾರದ ಮನೆ, ಉಡುಪಿಯ ರಥಬೀದಿಯ ಮನೆ, ಬಸವನಗುಡಿಯ ಹೆಂಚಿನ ಬಂಗಲೆ, ಮಲೆನಾಡಿನ ತೊಟ್ಟಿ ಮನೆ: ಇಂಥದ್ದೊಂದರಲ್ಲಿ ಪಾಲಿರುವವರು ಈ ಅಂಕಣ ಓದುವವರಲ್ಲೂ ಇದ್ದೀರಿ. ನನ್ನ ಸಹೋದ್ಯೋಗಿಯೊಬ್ಬರ ಧಾರವಾಡದ ಮನೆಗೆ ಒಂದು ಶತಮಾನ ಕಳೆದಿದೆ. ಅಣ್ಣ ಅಲ್ಲೇ ಇದ್ದಾರೆ, ಅಕ್ಕ ಪುಣೆಯಲ್ಲಿ, ತಮ್ಮ ಅಮೆರಿಕದಲ್ಲಿ, ಇವರು ಗುರುಗ್ರಾಮದಲ್ಲಿ. ಮನೆ ನೋಡಿಕೊಳ್ಳುವ ಹಿರಿಮಗನಿಗೆ ಎಂದು ತಂದೆ ಬಿಳಿ ಹಾಳೆಯ ಮೇಲೆ ಬರೆದಿಟ್ಟು ಹೋದರು. ಸಾಕ್ಷಿ ಹಾಕಿದವರು ಅವರ ಇಬ್ಬರು ಗೆಳೆಯರು. ಒಬ್ಬರು ಈಗಿಲ್ಲ, ಇನ್ನೊಬ್ಬರಿಗೆ ನೆನಪು ಕೈಕೊಟ್ಟಿದೆ. ಯಾರೂ ಜಗಳಕ್ಕೆ ನಿಂತಿಲ್ಲ, ಯಾರೂ ಒಪ್ಪಿ ಸಹಿ ಹಾಕಿಯೂ ಇಲ್ಲ. ಖಾತೆ ಇನ್ನೂ ತಂದೆಯ ಹೆಸರಿನಲ್ಲಿದೆ. ಸೋರುವ ಮಾಳಿಗೆಗೆ ಅಣ್ಣ ಪ್ರತಿ ಮಳೆಗಾಲ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಸಾಲ ಕೊಡಲು ಯಾವ ಬ್ಯಾಂಕೂ ಒಪ್ಪದು, ಕೊಡಬೇಡಿ ಎಂದು ಬರೆಯುವವರು ನನ್ನಂಥವರೇ.

ಇಲ್ಲಿ ಅಣ್ಣನನ್ನು ದೂರಲು ಬರುವುದಿಲ್ಲ. ಊರಲ್ಲಿ ಉಳಿದವರಿಗೆ ಮನೆಯ ಭಾರ, ಊರು ಬಿಟ್ಟವರಿಗೆ ಮನೆಯ ನೆನಪು ಎಂಬ ಹಂಚಿಕೆ ತಾನಾಗಿಯೇ ನಡೆದುಹೋಗಿದೆ. ಮನೆ ಕೆಡವಬೇಡಿ ಎಂದು ಫೋನಿನಲ್ಲಿ ಹೇಳುವವರು ನಾವು. ಸಹಿಗೆ ಕೇಳಿದಾಗ ‘ಮುಂದಿನ ರಜೆಗೆ ನೋಡೋಣ’ ಎನ್ನುವವರೂ ನಾವೇ. ಹೀಗೆ ಹತ್ತು ರಜೆ ಕಳೆದ ಮೇಲೆ ಬಿಲ್ಡರ್ ಬರುತ್ತಾನೆ. ಎಲ್ಲರ ಸಹಿಯನ್ನೂ ಒಂದೇ ವಾರದಲ್ಲಿ ಸಂಗ್ರಹಿಸುವ ಶಕ್ತಿ ಆ ಹೊತ್ತಿಗೆ ಅವನಿಗಷ್ಟೇ ಇರುತ್ತದೆ.

ಎಲ್ಲ ಹಳೆ ಮನೆಗಳೂ ಉಳಿಯಲೇಬೇಕು ಎಂದು ನಾನು ಹೇಳುತ್ತಿಲ್ಲ. ಮಾರುವುದೂ ಒಂದು ನಿರ್ಧಾರವೇ. ಆದರೆ ನಿರ್ಧಾರ ಕುಟುಂಬದ್ದಾಗಿರಲಿ. ಅದಕ್ಕೆ ಕೆಲವು ಸಂಗತಿ ತಿಳಿದಿರಬೇಕು. ಉಯಿಲಿಗೆ ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಾಯಿಸಿದರೆ ಪ್ರತಿ ಕಳೆಯುವ ಭಯವಿಲ್ಲ. ಸಾಕ್ಷಿಗಳು ಬರೆಯುವವರಿಗಿಂತ ಕಿರಿಯರಾಗಿರಲಿ, ಉಯಿಲಿನಿಂದ ಲಾಭ ಪಡೆಯುವವರಂತೂ ಬೇಡ. ಪಿತ್ರಾರ್ಜಿತ ಆಸ್ತಿಯಾದರೆ ತಂದೆ ತಮ್ಮ ಪಾಲನ್ನಷ್ಟೇ ಬರೆಯಬಲ್ಲರು. ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಅಕ್ಕತಂಗಿಯರನ್ನು ಬಿಟ್ಟು ಮಾಡಿದ ಪಾಲುಪಟ್ಟಿ ನಾಳೆ ಮೊಕದ್ದಮೆಯಾಗುತ್ತದೆ. ಯಾರಾದರೊಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿ, ಕೊಂಡವರು ವಿಭಾಗ ಕೋರಿ ದಾವೆ ಹೂಡಿದರೆ, ಆ ಪಾಲನ್ನು ನ್ಯಾಯಾಲಯ ನಿಗದಿಪಡಿಸುವ ಬೆಲೆಗೆ ಕೊಳ್ಳುವ ಅವಕಾಶ ಕುಟುಂಬಕ್ಕಿದೆ. 1893ರ ವಿಭಾಗ ಕಾಯ್ದೆ ಅದನ್ನು ಕೊಟ್ಟಿದೆ.

ಎನ್‌ಸಿಆರ್‌ನಲ್ಲಿರುವ ನಮಗೆ ಇನ್ನೊಂದು ತೊಡಕು. ನೋಯ್ಡಾ ಉತ್ತರ ಪ್ರದೇಶ, ಗುರುಗ್ರಾಮ ಹರಿಯಾಣ, ನಡುವೆ ದೆಹಲಿ. ಜಿಲ್ಲಾ ನ್ಯಾಯಾಲಯದ ಪ್ರೊಬೇಟ್ ಸಾಮಾನ್ಯವಾಗಿ ಆಯಾ ರಾಜ್ಯಕ್ಕೆ ಸೀಮಿತ, ಹೈಕೋರ್ಟ್ ಕೊಟ್ಟದ್ದು ದೇಶದೆಲ್ಲೆಡೆ ನಡೆಯುತ್ತದೆ. ಇಲ್ಲೊಂದು ಫ್ಲ್ಯಾಟ್, ಊರಲ್ಲೊಂದು ಪಾಲು ಇರುವವರು ಇದನ್ನು ವಕೀಲರಲ್ಲಿ ಮೊದಲೇ ಕೇಳಿಕೊಳ್ಳಬೇಕು.

ವಕೀಲರ ಶುಲ್ಕಕ್ಕೆ ಹೆದರುವವರು, ಅದರಲ್ಲೂ ಊರಿನಲ್ಲಿ ಒಂಟಿಯಾಗಿರುವ ತಾಯಂದಿರು, ತಿಳಿಯಬೇಕಾದ್ದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100. ಒಡಹುಟ್ಟಿದವರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ವಿಭಾಗ ತೀರ್ಮಾನವಾಗಬಹುದು. ಅಲ್ಲಿನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ.

ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ, ಕೆಡವಬೇಡಿ ಎಂದು ನೋಟಿಸ್ ಅಂಟಿಸಿದರೆ ಅರ್ಧ ಕೆಲಸವೂ ಆಗದು. ಹಕ್ಕು ಇತ್ಯರ್ಥವಾಗದ ಖಾಸಗಿ ಮನೆಗೆ ದುರಸ್ತಿ ಅನುದಾನ ಘೋಷಿಸಿದರೆ ಅರ್ಜಿಗೆ ಸಹಿ ಹಾಕುವವರು ಯಾರು? ಪಟ್ಟಿಯಲ್ಲಿರುವ ಪ್ರತಿ ಖಾಸಗಿ ಮನೆಯ ವಾರಸುದಾರರಿಗೆ ಮಧ್ಯಸ್ಥಿಕೆ ಮತ್ತು ಕಾನೂನು ಸಲಹೆಯನ್ನು ಅದೇ ಯೋಜನೆಯಲ್ಲಿ ಸೇರಿಸಲಿ. ವಾಸ್ತುತಜ್ಞರಿಗಿಂತ ಮೊದಲು ಆ ಮನೆಗೆ ವಕೀಲರು ಹೋಗಬೇಕು. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘವೂ ಸೇರಿದಂತೆ ಹೊರನಾಡ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಂದು ದಿನ ಇಂಥ ಸಲಹೆಗೆ ಮೀಸಲಿಡಬಹುದು. ನಮ್ಮ ನಡುವೆ ವಕೀಲರಿಗೇನೂ ಕೊರತೆಯಿಲ್ಲ.

ಉಳಿದದ್ದು ನಮ್ಮ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಹಬ್ಬದೂಟ ಮುಗಿಸಿ, ಖಾತೆ, ಕ್ರಯಪತ್ರ, ವಂಶವೃಕ್ಷ, ಉಯಿಲು ಎಲ್ಲಿವೆ ಎಂದು ಕೇಳಿ. ಹಿರಿಯರ ಮುಂದೆ ಸಾವಿನ ಮಾತೆತ್ತಲು ನಾಲಿಗೆ ಬಾರದು ನಿಜ. ಸಾವಿನ ಮಾತು ಬೇಡ, ಮನೆಯ ಮಾತು ಎತ್ತಿ. ಅಕ್ಕತಂಗಿಯರನ್ನೂ ಕೂರಿಸಿಕೊಳ್ಳಿ, ವಿದೇಶದಲ್ಲಿರುವವರನ್ನು ಫೋನಿನಲ್ಲಿ ಸೇರಿಸಿ. ಅಪ್ಪ ಅಮ್ಮ ಗಟ್ಟಿಯಾಗಿರುವಾಗ ಅವರ ಬಾಯಿಂದಲೇ ಬಂದ ತೀರ್ಮಾನವನ್ನು ಬಹುತೇಕ ಮಕ್ಕಳು ಒಪ್ಪುತ್ತಾರೆ. ಅವರಿಲ್ಲದ ಮೇಲೆ ಬೀರುವಿನಲ್ಲಿ ಸಿಕ್ಕ ಹಾಳೆಯನ್ನು ಒಪ್ಪುವುದು ಎಲ್ಲರಿಗೂ ಕಷ್ಟ.