ಕೆಂಗೇರಿ ಆಚೆಗೊಂದು ಬಾಡಿಗೆ ಮನೆ

"ಮನೆ ಎಲ್ಲಿ?" ಅಂತ ಆಫೀಸಲ್ಲಿ ಯಾರಾದ್ರೂ ಕೇಳಿದ್ರೆ "ಕೆಂಗೇರಿ ಹತ್ರ" ಅಂದು ಸುಮ್ಮನಾಗ್ತೀನಿ. ನಿಜ ಹೇಳಬೇಕಂದ್ರೆ ಕೆಂಗೇರಿ ಆದಮೇಲೂ ಷೇರ್ ಆಟೋ ಹತ್ತಿ, ಇಳಿದು, ಒಂದಷ್ಟು ನಡೀಬೇಕು. "ಅಯ್ಯೋ, ಅಷ್ಟು ದೂರಾನಾ? ಹತ್ತಿರದಲ್ಲೇ ಎಲ್ಲಾದ್ರೂ ಮಾಡಬಾರದಾ?" ಅನ್ನೋದು ಮುಂದಿನ ಮಾತು. ಮಾಡಬಹುದಿತ್ತು ಸ್ವಾಮಿ! ನಾನು ಕೊಡೋ ಬಾಡಿಗೆಗೆ ಜಯನಗರದಲ್ಲಿ ಒಂದು ರೂಮು ಸಿಗುತ್ತೆ, ಜೊತೆಗೆ ಓನರ್ ಆಂಟಿಯ ಹತ್ತು ಕಂಡೀಷನ್ನು ಫ್ರೀ. ಇಲ್ಲಿ ಅದೇ ದುಡ್ಡಿಗೆ ಎರಡು ಬೆಡ್‌ರೂಮು, ಅಮ್ಮನಿಗೆ ತಾರಸಿ ಮೇಲೆ ಹಪ್ಪಳ ಒಣಗಿಸೋ ಹಕ್ಕು.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿಗೆ ಬಂದವರು ತಮ್ಮೂರ ಕಡೆ ಹೋಗೋ ರಸ್ತೆಯಲ್ಲೇ ಬೇರು ಬಿಡ್ತಾರೆ, ಗಮನಿಸಿದ್ದೀರಾ? ತುಮಕೂರಿನವರು ದಾಸರಹಳ್ಳಿ, ಪೀಣ್ಯ ಕಡೆ. ಮಂಡ್ಯ, ಚನ್ನಪಟ್ಟಣ, ಮೈಸೂರಿನವರು ಈ ಕಡೆ. ಶನಿವಾರ ಸಂಜೆ ಕೆಂಗೇರಿ ಸ್ಟೇಷನ್ನಲ್ಲಿ ರೈಲು ಹತ್ತಿದ್ರೆ ರಾತ್ರಿ ಊಟಕ್ಕೆ ಊರಲ್ಲಿರಬಹುದು. ನಮ್ಮ ಬೀದೀಲಿ ಅರ್ಧ ಮನೆಗಳಲ್ಲಿ ಮಂಡ್ಯದ ಕನ್ನಡಾನೇ ಕೇಳಿಸೋದು. ಎದುರು ಮನೆ ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಉಳಿದ ದುಡ್ಡಲ್ಲಿ ಚೀಟಿ ಹಾಕಿದ್ದಾರೆ. ಈ ಯೋಜನೆ ಬಗ್ಗೆ ಟಿವೀಲಿ ಕೂತು ಕುಹಕ ಆಡೋರು ಒಂದ್ಸಲ ಅವರ ಜೊತೆ ಮಾತಾಡಬೇಕು.

ಆದ್ರೆ ಈ "ಅಗ್ಗದ ಏರಿಯಾ" ಅನ್ನೋ ಮಾತಿನ ಮೇಲೆ ನನಗೆ ತಕರಾರಿದೆ. ಬಾಡಿಗೇಲಿ ಉಳಿಸಿದ್ದನ್ನ ಬೇರೆ ಕಡೆ ಕಟ್ಟಲೇಬೇಕು. ಮೊದಲಿಗೆ ನೀರು. 2007ರಲ್ಲಿ ಬೃಹತ್ ಬೆಂಗಳೂರು ಆದಾಗ ಏಳು ನಗರಸಭೆಗಳ ಜೊತೆ ಒಂದೇ ಒಂದು ಪುರಸಭೆ ಸೇರಿತ್ತು, ಅದು ಕೆಂಗೇರಿ. ಜೊತೆಗೆ ನಗರದ ಸುತ್ತಲಿನ 110 ಹಳ್ಳಿಗಳೂ ಸೇರಿದ್ವು. ಆ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಅಲ್ಲೀವರೆಗೂ ಬೋರ್‌ವೆಲ್ಲು, ಅದು ಬತ್ತಿದ್ರೆ ಟ್ಯಾಂಕರ್ರು. 2024ರ ಬೇಸಿಗೇಲಂತೂ ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳ್ತಿದ್ರು. ಕೊನೆಗೆ ಮಾರ್ಚ್‌ನಲ್ಲಿ ಸರ್ಕಾರಾನೇ ದರ ಗೊತ್ತು ಮಾಡಬೇಕಾಯ್ತು, ಐದು ಕಿಲೋಮೀಟರ್ ಒಳಗಾದ್ರೆ ಆರು ಸಾವಿರ ಲೀಟರಿಗೆ 600 ರೂಪಾಯಿ ಅಂತ. ನಮ್ಮ ಬೀದಿಗೆ ಬಂದ ಟ್ಯಾಂಕರಿನವನಿಗೆ ಆ ಸುದ್ದಿ ಮುಟ್ಟಲೇ ಇಲ್ಲ ಬಿಡಿ.

ಕುಡಿಯೋ ನೀರು ಇಷ್ಟು ತಡ ಮಾಡಿದ್ರೂ ನಗರದ ಕೊಳಚೆ ಮಾತ್ರ ಯಾವತ್ತೂ ತಪ್ಪಿಸಿಲ್ಲ. ವೃಷಭಾವತಿ ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ನಮ್ಮನ್ನ ದಾಟಿ ಬೈರಮಂಗಲ ಕೆರೆ ಸೇರ್ತಾಳೆ. ಮಳೆ ಬಂದ ಮಾರನೇ ದಿನ ಕಿಟಕಿ ತೆಗೆದ್ರೆ ಸಾಕು, ಊರಿಗೆಲ್ಲಾ ನಿನ್ನೆ ಏನಾಯ್ತು ಅಂತ ಮೂಗಿಗೆ ಗೊತ್ತಾಗುತ್ತೆ.

ಎರಡನೇದು ಹೊತ್ತು. ಇಂದಿರಾನಗರಕ್ಕೆ ಎರಡು ಬಸ್ಸು ಬದಲಿಸಿ, ನಾಯಂಡಹಳ್ಳೀಲಿ ನಿಂತು ನಿಂತು, ಹೋಗ್ತಾ ಎರಡು ಗಂಟೆ, ಬರ್ತಾ ಎರಡು ಗಂಟೆ. ವರ್ಷಗಟ್ಟಲೆ ಹೀಗೇ. ಆಮೇಲೆ 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಮೆಟ್ರೋ ಬಂತು. ಮೊದಲ ದಿನ ಕಿಟಕಿ ಪಕ್ಕ ಕೂತು ಕೆಳಗಿನ ಟ್ರಾಫಿಕ್ ನೋಡಿದಾಗ ಆದ ಖುಷಿ ಇದೆಯಲ್ಲ, ಅದನ್ನ ಬರೆಯೋಕಾಗಲ್ಲ. 2025ರ ಫೆಬ್ರವರೀಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಬೈಕೊಂಡೆ, ಆದ್ರೂ ಹತ್ತಿದೆ. ಬೇರೆ ದಾರಿ?

ನಿಜವಾದ ಪೆಟ್ಟು ಬಿದ್ದಿದ್ದು ಈಗ. ನಮ್ಮ ಓನರ್ ಒಳ್ಳೇ ಮನುಷ್ಯರೇ, ಹಬ್ಬಕ್ಕೆ ಒಬ್ಬಟ್ಟು ಕಳಿಸ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಹೊಸದು ಮಾಡೋ ಹೊತ್ತಿಗೆ "ಮೆಟ್ರೋ ಬಂದಿದೆ, ಕಾವೇರಿ ಬಂದಿದೆ, ಬೇರೆಯವರು ಕೇಳ್ತಿದ್ದಾರೆ, ಮೂರು ಸಾವಿರ ಜಾಸ್ತಿ ಮಾಡಿ" ಅಂದ್ರು. ಅಡ್ವಾನ್ಸೂ ಹತ್ತು ತಿಂಗಳ ಲೆಕ್ಕಕ್ಕೆ ಏರಿಸಬೇಕಂತೆ. ಅವರಿಗೂ ಮನೆ ಸಾಲದ ಕಂತಿದೆ, ಅವರನ್ನ ದೂರಲ್ಲ. ನನ್ನ ಪ್ರಶ್ನೆ ಬೇರೆ. ಮೆಟ್ರೋ ಕಂಬ ಎದ್ದಷ್ಟು ವರ್ಷ ಧೂಳು ಕುಡಿದೋರು, ಪೈಪಿಗೆ ಅಂತ ಅಗೆದು ಬಿಟ್ಟ ರಸ್ತೇಲಿ ಬಿದ್ದು ಎದ್ದೋರು ಬಾಡಿಗೆದಾರರೂ ಹೌದು. ಸೌಕರ್ಯ ಬಂದ ದಿನ ಸೈಟು ಇದ್ದವರಿಗೆ ಬೆಲೆ ಏರಿತು, ನಮಗೆ ಮನೆ ಖಾಲಿ ಮಾಡೋ ಮಾತು ಬಂತು. ತೆರಿಗೆ ದುಡ್ಡಲ್ಲಿ ಕಟ್ಟಿದ ಮೆಟ್ರೋದ ಲಾಭ ಹೀಗೆ ಒಂದೇ ಕಡೆ ಸೇರೋದು ನ್ಯಾಯಾನಾ?

ಕೈಗೆಟುಕುವ ವಸತಿ ಅಂತ ಸರ್ಕಾರ ಮಾತಾಡೋವಾಗೆಲ್ಲಾ ಕೊಳ್ಳೋರ ಲೆಕ್ಕಾನೇ ದೊಡ್ಡದು: ಸಾಲ, ಬಡ್ಡಿ, ಸಬ್ಸಿಡಿ. ಬಾಡಿಗೆಗೆ ಅಂತಲೇ ಒಂದಷ್ಟು ಮನೆಗಳನ್ನ ಮೆಟ್ರೋ ಸ್ಟೇಷನ್ನುಗಳ ಪಕ್ಕ ಸರ್ಕಾರಾನೇ ಕಟ್ಟಿ, ಎದುರು ಮನೆ ಅಕ್ಕನಂಥೋರಿಗೆ ಕೊಡಬಾರದಾ? ಲೇಔಟಿಗೆ ಮಂಜೂರಾತಿ ಕೊಡೋ ಮುಂಚೆ ನೀರು, ಬಸ್ಸು ಎಲ್ಲಿ ಅಂತ ಕೇಳಬಾರದಾ? ಈಗಂತೂ ಮೊದಲು ಜನ ಬರ್ತಾರೆ, ಆಮೇಲೆ ಚರಂಡಿ, ಅದಾದಮೇಲೆ ನೀರು. ಎಲ್ಲಾ ಬರೋ ಹೊತ್ತಿಗೆ ಮೊದಲು ಬಂದವರು ಮುಂದಿನ ಊರಿಗೆ ಹೊರಟಿರ್ತಾರೆ.

ಓನರಿಗೆ ಈ ತಿಂಗಳ ಕೊನೇಲಿ ಉತ್ತರ ಹೇಳಬೇಕು. ಅಮ್ಮ "ಬಿಡದಿ ಕಡೆ ನೋಡೋಣ, ಊರಿಗೂ ಹತ್ರ ಆಗುತ್ತೆ" ಅಂತಿದ್ದಾರೆ. ನಿಮ್ಮಲ್ಲಿ ಯಾರಾದ್ರೂ ಅಲ್ಲಿಂದ ದಿನಾ ಓಡಾಡ್ತಿದ್ರೆ, ಬೆಳಿಗ್ಗೆ ರೈಲಲ್ಲಿ ನಿಲ್ಲೋಕಾದ್ರೂ ಜಾಗ ಸಿಗುತ್ತಾ ಅಂತ ತಿಳಿಸಿ.