ಮಾನ ಯಾರದು?

ಧರ್ಮಸ್ಥಾನವೊಂದರಲ್ಲಿ ಮಗುವಿನ ಮೇಲೆ ಅತ್ಯಾಚಾರ ನಡೆಯಿತೆಂಬ ದೂರು ಹೊರಬಿದ್ದೊಡನೆ ವಿದ್ಯಾವಂತರ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು ಒಂದೇ: “ಮಠದ ಮಾನ ಹೋಗುವದು, ಸುಮ್ಮನಿರಬೇಕು.” ಮಗುವಿನ ಮಾನದ ಮಾತು ಆಮೇಲೆ, ಎಷ್ಟೋ ವೇಳೆ ಅದು ಬರುವದೇ ಇಲ್ಲ. ಧರ್ಮವನ್ನು ಕಾಯುವೆವೆನ್ನುವವರ ಈ ಮೌನವು ಧರ್ಮವಲ್ಲ. ಅಪರಾಧಕ್ಕೆ ಕೊಟ್ಟ ಆಸರೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರು ನೊಂದಾಗ ದೇವರ ಬಾಗಿಲಿಗೆ ಹೋಗುವವರು. ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗೆಯಿದೆ; ಭೀಮಾ-ಅಮರಜಾ ಸಂಗಮದ ಗಾಣಗಾಪುರದಲ್ಲಿ ದತ್ತನ ಸನ್ನಿಧಿಯಿದೆ; ಜೇವರ್ಗಿಯು ವಚನಕಾರ ಷಣ್ಮುಖ ಶಿವಯೋಗಿಗಳ ಊರು. ಇಷ್ಟು ನಂಬಿಕೆ ಇರುವಲ್ಲಿ ಎಚ್ಚರವೂ ಅಷ್ಟೇ ಇರಬೇಕು. ಹುಡುಗಿಯೊಬ್ಬಳು ಊಟ ಬಿಟ್ಟಳು, ನಿದ್ದೆಯಲ್ಲಿ ಬೆಚ್ಚಿದಳು ಎಂದರೆ ಗಾಳಿ ಸೋಂಕಿತೆಂದು ಮನೆಯವರು ಗಾಣಗಾಪುರಕ್ಕೆ ಹೊರಡುವರು. ದತ್ತನ ದರ್ಶನಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಹೊರಡುವ ಮುನ್ನ ಅವಳನ್ನು ಹತ್ತಿರ ಕೂಡ್ರಿಸಿಕೊಂಡು “ಏನಾಯಿತವ್ವಾ?” ಎಂದು ಕೇಳುವವರೆಷ್ಟು ಮಂದಿ? ಕೆಲವು ಪೀಡೆಗಳು ದೆವ್ವದವಲ್ಲ, ಮನುಷ್ಯರವು.

2022ರ ಆಗಸ್ಟಿನಲ್ಲಿ ಚಿತ್ರದುರ್ಗದ ಮುರುಘಾ ಮಠದ ವಿದ್ಯಾರ್ಥಿನಿಲಯದ ಇಬ್ಬರು ಬಾಲಕಿಯರು ದೂರದ ಮೈಸೂರಿನಲ್ಲಿ ಒಡನಾಡಿ ಸಂಸ್ಥೆಯವರ ಮುಂದೆ ಬಾಯಿಬಿಟ್ಟರು, ದೂರು ದಾಖಲಾಯಿತು, ಸೆಪ್ಟೆಂಬರ್ 1ರಂದು ಆಗಿನ ಮಠಾಧೀಶರು ಬಂಧಿತರಾದರು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯವು ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. “ನೋಡಿದಿರಾ, ಬಾಯಿ ಬಿಟ್ಟದ್ದೇ ತಪ್ಪು” ಎಂದು ವಾದಿಸುವವರು ಒಂದನ್ನು ಮರೆಯುವರು: ದೂರನ್ನು ಅದುಮಿಟ್ಟಿದ್ದರೆ ಆರೋಪವು ಜಗಲಿಯ ಪಿಸುಮಾತಾಗಿಯೇ ಉಳಿಯುತ್ತಿತ್ತು, ದೋಷಿಗೆ ಶಿಕ್ಷೆಯೂ ಇಲ್ಲ, ನಿರ್ದೋಷಿಗೆ ಬಿಡುಗಡೆಯೂ ಇಲ್ಲ. ಸತ್ಯವನ್ನು ತೂಗುವದು ನ್ಯಾಯಾಸನದ ಕೆಲಸ. ಮಗುವಿನ ಮಾತು ಅಲ್ಲಿಗೆ ಮುಟ್ಟುವಂತೆ ಮಾಡುವದು ಹಿರಿಯರ ಕೆಲಸ.

2012ರ ಪೋಕ್ಸೊ ಕಾಯಿದೆಯು ಈ ಕೆಲಸವನ್ನು ಕೇವಲ ದಯೆಗೆ ಬಿಟ್ಟಿಲ್ಲ. ಮಗುವಿನ ಮೇಲಿನ ಅಪರಾಧವನ್ನು ತಿಳಿದೂ ಪೋಲೀಸರಿಗೆ ತಿಳಿಸದವನಿಗೆ ಆರು ತಿಂಗಳವರೆಗೆ ಸೆರೆವಾಸ ಉಂಟು. ತನ್ನ ಕೈಕೆಳಗಿನವನು ಎಸಗಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಸುಮ್ಮನಿದ್ದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಮೌನವು ಮಗುವಿನಲ್ಲಿ ಗಾಯ, ಹಿರಿಯರಲ್ಲಿ ಅಪರಾಧ ಎಂಬ ವಿವೇಕವನ್ನು ಕಾಯಿದೆ ಬಲ್ಲದು. ಮನೆಗಳು ಇನ್ನೂ ಕಲಿಯಬೇಕಾಗಿದೆ.

“ಅಂದೇ ಏಕೆ ಹೇಳಲಿಲ್ಲ?” ಎಂಬ ಪ್ರಶ್ನೆಯಷ್ಟು ಕ್ರೂರವಾದದ್ದು ಬೇರೊಂದಿಲ್ಲ. ಯಾರ ಪಾದಕ್ಕೆ ತಂದೆತಾಯಿಗಳೇ ಅಡ್ಡಬೀಳಿಸಿದರೋ ಅವರ ಮೇಲೆ ದೂರು ಹೇಳಲು ಮಗುವಿಗೆ ನಾಲಗೆ ಎಲ್ಲಿಂದ ಬರಬೇಕು? ಹತ್ತು ವರ್ಷದ ಮೇಲೆ ಹೇಳಿದರೂ ಅದು ಹೇಳಿದ್ದೇ. ಕೇಳುವವರು ಗದರಿಸದೆ, ಅಡ್ಡಮಾತಾಡದೆ ಕೇಳುವದೇ ಮೊದಲ ಔಷಧ. “ತಪ್ಪು ನಿನ್ನದಲ್ಲ” ಎಂಬುದು ಎರಡನೆಯದು. ವೈದ್ಯರ ಆರೈಕೆ ಮೂರನೆಯದು. ಇಂಥವರಿಗೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆಯಾಗಿ ಚಿಕಿತ್ಸೆ ಕೊಡತಕ್ಕದ್ದೆಂಬ ವಿಧಿಯಿದೆ. ಸಹಾಯ ಬೇಡುವ ಮಗುವಿಗೆ 1098 ಎಂಬ ದೂರವಾಣಿ ಸಂಖ್ಯೆಯಿದೆ. ಅದನ್ನು ಪಾಠದೊಡನೆಯೇ ಕಲಿಸಬೇಕು.

ಮಠವಾಗಲಿ, ದರ್ಗೆಯಾಗಲಿ, ಗುಡಿಯಾಗಲಿ, ವಿಚಾರಣೆಯಿಂದ ಬೀಳುವಷ್ಟು ದುರ್ಬಲವಾಗಿದ್ದರೆ ಅದರ ಮಾನ ಮೊದಲೇ ಹೋಗಿರುವದು. ಉಳಿಸಬೇಕಾದ ಮಾನವು ಪೀಠದ ಮೇಲಿಲ್ಲ; ಬಾಗಿಲ ಮರೆಯಲ್ಲಿ ನಿಂತು, ಹೇಳಲೋ ಬೇಡವೋ ಎಂದು ತಾಯಿಯ ಮುಖ ನೋಡುತ್ತಿರುವ ಆ ಮಗುವಿನಲ್ಲಿದೆ.